ಪಟ್ಟಿಯಲ್ಲಿ ಸತ್ತವನ ಓಟು

"ಹಾಕ್ಬಿಟ್ಟೇ ಬಂದಿದೀನಿ ರಂಗಮ್ಮ, ನೋಡ್ಕೊಂಬಿಡಿ," ಎನ್ನುತ್ತಾ ಮೂಲೆಮನೆಯ ನಿವೃತ್ತ ಪೋಸ್ಟ್‌ಮ್ಯಾನು ಎಡಗೈಯ ತೋರುಬೆರಳನ್ನು ಹೆಣದ ಮುಖದ ಹತ್ತಿರಕ್ಕೆ ಹಿಡಿದರು. ಕಿಟಕಿಯ ಬೆಳಕು ಮಸಿಯ ಮೇಲೆ ಬೀಳುವಂತೆ ಬೆರಳನ್ನು ಒಂದಿಷ್ಟು ತಿರುಗಿಸಿದರು. ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿದ್ದ ರಂಗನಾಯಕಮ್ಮನವರ ಮೂಗಿಗೆ ಹತ್ತಿ ಇಟ್ಟಿತ್ತು, ಕಣ್ಣು ಮುಚ್ಚಿತ್ತು. ಆದರೂ ಪೋಸ್ಟ್‌ಮ್ಯಾನು ಉತ್ತರ ಬಂದೀತೆಂಬಂತೆ ಒಂದು ಗಳಿಗೆ ಕಾದು, ಆಮೇಲೆ ಕೈಮುಗಿದು ಹಿಂದೆ ಸರಿದರು.

ಅವರ ಹಿಂದೆ ಸಾಲು ಇತ್ತು. ಬೆಳಗಿನ ಎಂಟು ಗಂಟೆಗೇ ಎನ್.ಆರ್. ಕಾಲೋನಿಯ ಆ ವಠಾರದ ಬಾಗಿಲಿನಿಂದ ರಸ್ತೆಯವರೆಗೆ ಜನ. ಒಬ್ಬೊಬ್ಬರೂ ಒಳಗೆ ಬಂದು, ಬಗ್ಗಿ, ಬೆರಳು ತೋರಿಸಿ ಹೋಗುತ್ತಿದ್ದರು. ಬೆರಳು ಬೋಳಾಗಿದ್ದವರನ್ನು ಪಕ್ಕದ ಮನೆಯ ಜಾನಕಮ್ಮ ಗೇಟಿನಲ್ಲೇ ತಡೆಯುತ್ತಿದ್ದರು. ಜಾನಕಮ್ಮನವರಿಗೆ ಎಂಬತ್ತೆರಡು. ರಂಗನಾಯಕಮ್ಮ ಸತ್ತದ್ದಕ್ಕೆ ರಾತ್ರಿಯಿಡೀ ಅತ್ತು, ಬೆಳಿಗ್ಗೆ ಏಳಕ್ಕೆ ಹೋಗಿ ಓಟು ಹಾಕಿ, ಈಗ ಸ್ಟೂಲಿನ ಮೇಲೆ ಕುಳಿತಿದ್ದರು.

"ಎಲ್ಲಿ, ಬೆರಳು ತೋರ್ಸಿ."

"ಅಮ್ಮಾ, ಮುಖ ನೋಡ್ಕೊಂಡು ಆಮೇಲೆ ಹೋಗ್ತೀನಿ..."

"ಹಾಕ್ಬಿಟ್ಟು ಬಾ. ಅವಳೇನೂ ಎದ್ದು ಓಡಿಹೋಗಲ್ಲ. ರಾಹುಕಾಲ ಕಳೀದೆ ಎತ್ತಲ್ವಂತೆ."

ಬಂದವನು ಹೊರಟೇಹೋದ. ಅರ್ಧ ಗಂಟೆಯಲ್ಲಿ ಮಸಿ ಹಚ್ಚಿಸಿಕೊಂಡು ವಾಪಸು ಬಂದ.

ರಂಗನಾಯಕಮ್ಮ ಅಂಗನವಾಡಿ ಟೀಚರಾಗಿದ್ದವರು. ಅದರ ಜೊತೆಗೆ ಇಪ್ಪತ್ತೆರಡು ವರ್ಷ ಆ ಭಾಗದ ಮತದಾರರ ಪಟ್ಟಿಯ ಕೆಲಸ. ಮನೆಮನೆಗೆ ಹೋಗಿ ಹೆಸರು ಸೇರಿಸುವುದು, ಸತ್ತವರ ಹೆಸರು ತೆಗೆಸುವುದು, ಚುನಾವಣೆ ಬಂದಾಗ ಸ್ಲಿಪ್ಪು ಹಂಚುವುದು. ಆ ಕೆಲಸಕ್ಕೆ ಕೊಡುತ್ತಿದ್ದ ಕಾಸಿನಲ್ಲಿ ಚಪ್ಪಲಿಯೂ ಬರುತ್ತಿರಲಿಲ್ಲ. ರಿಟೈರಾಗಿ ಮೂರು ವರ್ಷವಾಗಿದ್ದರೂ ಹೊಸ ಟೀಚರು ಸುಪ್ರಜಾಳ ಜೊತೆ ಬಿಸಿಲಲ್ಲಿ ಸುತ್ತುತ್ತಿದ್ದರು. ನಿನ್ನೆ ಮಧ್ಯಾಹ್ನ ಬಂದು, ಜಗುಲಿಯ ಮೇಲೆ ಕುಳಿತು, "ಒಂದು ಲೋಟ ನೀರು ಕೊಡು ಮರಿ" ಎಂದರು. ಮಗ ನೀರು ತರುವಷ್ಟರಲ್ಲಿ ಮುಗಿದಿತ್ತು.

ಆ ಮಗ ಚಕ್ರಪಾಣಿ, ಅಂದರೆ ಚಕ್ರಿ, ತಾಯಿಯ ತಲೆಯ ಹತ್ತಿರ ದೀಪಕ್ಕೆ ಎಣ್ಣೆ ಹಾಕುತ್ತಾ ಕುಳಿತಿದ್ದ. ಮೂವತ್ತು ವರ್ಷ, ಭುಜದವರೆಗೆ ಕೂದಲು, ಎದೆ ಮುಟ್ಟುವ ಗಡ್ಡ. ಅಷ್ಟು ಬೆರಳುಗಳು ಕಣ್ಣ ಮುಂದೆ ಹಾದುಹೋದವು. ಅವನ ಎಡಗೈ ಪಂಚೆಯ ಮಡಿಕೆಯೊಳಗೆ ಇತ್ತು.

*

ಹನ್ನೊಂದು ವರ್ಷದ ಹಿಂದೆ ರಂಗನಾಯಕಮ್ಮನವರ ಮಾವ ತೀರಿಕೊಂಡರು. ಅವರ ಹೆಸರೂ ಚಕ್ರಪಾಣಿ. ತಾತನ ಹೆಸರನ್ನು ಮೊಮ್ಮಗನಿಗೆ ಇಡುವುದು ಆ ಮನೆಯ ಪದ್ಧತಿ. ಸೊಸೆ ಮಾವನ ಹೆಸರನ್ನು ಬಾಯಲ್ಲಿ ಆಡಬಾರದೆಂಬುದೂ ಪದ್ಧತಿಯೇ. ಎರಡೂ ಪದ್ಧತಿ ಸೇರಿ, ಊರಿನ ಸಾವಿರ ಜನರ ಹೆಸರನ್ನು ಗಟ್ಟಿಯಾಗಿ ಓದುತ್ತಿದ್ದ ಆ ಹೆಂಗಸು ಹೆತ್ತ ಮಗನನ್ನು ಒಂದು ದಿನವೂ ಹೆಸರು ಹಿಡಿದು ಕರೆಯಲಿಲ್ಲ. ಅವನು ‘ಮರಿ’.

ಮಾವನ ಹೆಸರು ಪಟ್ಟಿಯಿಂದ ತೆಗೆಸಬೇಕಿತ್ತು. ಫಾರಂನಲ್ಲಿ ಹೆಸರು ಬರೆಯಲು ರಂಗನಾಯಕಮ್ಮನವರ ಕೈ ಬರಲಿಲ್ಲ. ಆಫೀಸಿನ ಗುಮಾಸ್ತನಿಗೆ, "ನಮ್ಮನೇದೇ ಒಂದಿದೆ, ನೀವೇ ಬರ್ಕೊಳ್ಳಿ. ಕ್ರಮಸಂಖ್ಯೆ ನಾನೂರ ಹದಿಮೂರು," ಎಂದರು. ಅವನು ಪಟ್ಟಿ ನೋಡಿದ. ನಾನೂರ ಹದಿಮೂರರ ಎದುರಿಗೆ ಚಕ್ರಪಾಣಿ ಎಂದೇ ಇತ್ತು. ಬರೆದುಕೊಂಡ. ಮಾವನದು ನಾನೂರ ಹನ್ನೆರಡು.

ಚಕ್ರಿಗೆ ಆಗ ಹತ್ತೊಂಬತ್ತು. ಎಸ್ಸೆಸ್ಸೆಲ್ಸಿ ಎರಡು ಸಲ ಫೇಲಾಗಿ ಗ್ಯಾರೇಜು ಸೇರಿದ್ದ. ಮೊದಲನೆಯ ಓಟಿಗೆಂದು ಅಮ್ಮ ಗಾಂಧಿಬಜಾರಿನಲ್ಲಿ ನೀಲಿ ಚೌಕಳಿಯ ಅಂಗಿ ತೆಗೆದುಕೊಟ್ಟಿದ್ದರು. ಉಗುರಿನ ಗ್ರೀಸು ಹೋಗಲೆಂದು ಅವನು ಹಿಂದಿನ ದಿನ ಸೀಮೆಎಣ್ಣೆಯಲ್ಲಿ ಕೈ ತಿಕ್ಕಿದ್ದ. ಬೂತಿನಲ್ಲಿ ಅಧಿಕಾರಿ ಪಟ್ಟಿಯ ಮೇಲೆ ಬೆರಳಾಡಿಸಿ, "ಡಿಲೀಟ್ ಆಗಿದೆಯಲ್ಲಪ್ಪ," ಎಂದ. "ಕಾರಣ ಮರಣ ಅಂತಿದೆ."

"ನಾನು ಇಲ್ಲೇ ನಿಂತಿದೀನಲ್ಲ ಸಾರ್."

"ಚಕ್ರಪಾಣಿ, ವಯಸ್ಸು ಎಂಬತ್ತಾರು ಅಂತ ಒಬ್ರು ಇದಾರೆ. ಅವರು ಬಂದ್ರೆ ಹಾಕಬಹುದು."

ಸಾಲಿನಲ್ಲಿ ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಮಾರ್ಕ್ಸ್ ಕಾರ್ಡಿನಲ್ಲಿ ಅನುತ್ತೀರ್ಣ ಎಂದು ಬರೆದದ್ದನ್ನು ಅವನು ಹೇಗೋ ನುಂಗಿಕೊಂಡಿದ್ದ. ಇದು ಗಂಟಲಲ್ಲಿ ನಿಂತಿತು. ಸರ್ಕಾರದ ಕಾಗದದಲ್ಲಿ ಸಾಯುವುದಕ್ಕೆ ಒಂದು ಗೀಟು ಸಾಕು. ಬದುಕಿದ್ದೇನೆ ಎನ್ನುವುದಕ್ಕೆ ಮೂರು ಜೆರಾಕ್ಸು, ಎರಡು ಫೋಟೋ, ಒಬ್ಬ ಸಾಹೇಬನ ಸಹಿ. ಆ ಗೀಟನ್ನು ಎಳೆಸಿದ್ದು ಅಮ್ಮನೇ ಎಂದು ಸಂಜೆ ಗೊತ್ತಾದಾಗ ಅಂಗಿ ಬಿಚ್ಚಿ ಅವರ ಮುಂದೆ ಎಸೆದ.

"ಮಾವನ ಹೆಸರು ಹೇಳಕ್ಕೆ ನಾಚಿಕೆ, ಮಗನ್ನ ಸಾಯ್ಸಕ್ಕೆ ನಾಚಿಕೆ ಇಲ್ಲ! ಈ ಜನ್ಮದಲ್ಲಿ ಆ ಕಡೆ ಕಾಲಿಡಲ್ಲ ನಾನು."

ಬೀದಿಯ ಹುಡುಗರು ಎರಡು ವರ್ಷ ಅವನನ್ನು ‘ದೆವ್ವ’ ಎಂದೇ ಕರೆದರು.

*

ಹತ್ತು ಗಂಟೆಗೆ ಸುಪ್ರಜಾ ಬಂದಳು. ಬೂತಿನ ಹೊರಗೆ ಟೇಬಲ್ ಹಾಕಿಕೊಂಡು ಜನರಿಗೆ ಕ್ರಮಸಂಖ್ಯೆ ಹುಡುಕಿಕೊಡುವ ಕೆಲಸ ಅವಳದು. ಹತ್ತೇ ನಿಮಿಷಕ್ಕೆಂದು ಓಡಿ ಬಂದಿದ್ದಳು. ರಂಗನಾಯಕಮ್ಮನವರ ಕಾಲು ಮುಟ್ಟಿ, ಕಣ್ಣೊರೆಸಿಕೊಂಡು, ಬ್ಯಾಗಿನಿಂದ ಒಂದು ಓಟಿನ ಚೀಟಿ ತೆಗೆದಳು.

"ಚಕ್ರಿ, ಇದು ನಿಂದು. ಅಮ್ಮನ ಕೈಯಿಂದ ಇಸ್ಕೊಳ್ಲಿಲ್ವಂತೆ. ‘ನೀನೇ ಕೊಡು, ನಿನ್ನ ಮೇಲೆ ರೇಗಲ್ಲ’ ಅಂದಿದ್ರು ಟೀಚರು."

"ಇವತ್ತಾ? ನಮ್ಮಮ್ಮ ಸತ್ತಿದಾಳೆ ಮೇಡಂ."

"ಅದಕ್ಕೇ ಬಂದೆ. ನಮ್ಮ ಭಾಗದಲ್ಲಿ ಸಾವಿರದ ನೂರಾ ಆರು ಜನ. ಒಂದ್ಸಲಾನೂ ಓಟು ಹಾಕದೆ ಇರೋನು ಅಂದ್ರೆ ನೀನೊಬ್ಬನೇ ಅಂತ ಅವರು ಯಾವಾಗ್ಲೂ ಹೇಳೋರು. ಆರು ಗಂಟೆ ತನಕ ಟೈಮಿದೆ."

ಮೂಲೆಯಲ್ಲಿ ಕುಳಿತಿದ್ದ ದೊಡ್ಡಪ್ಪ ಶ್ರೀನಿವಾಸಯ್ಯ ಗಂಟಲು ಸರಿಮಾಡಿಕೊಂಡರು. ರಂಗನಾಯಕಮ್ಮನವರ ತೀರಿಹೋದ ಗಂಡನ ಅಣ್ಣ. ಮಲ್ಲೇಶ್ವರದಿಂದ ನಿನ್ನೆ ಸಂಜೆಯೇ ಬಂದವರು. "ಏನಮ್ಮ ಇದು? ಅವನು ಕರ್ತೃ. ಹತ್ತು ದಿನ ಸೂತಕ. ಹೊಸಲು ದಾಟಿ ಹೋಗೋ ಹಾಗಿಲ್ಲ. ನಾನೇ ಓಟು ಬಿಟ್ಟು ಕೂತಿದೀನಿ. ಐವತ್ತು ವರ್ಷದಲ್ಲಿ ಇದೇ ಮೊದಲ್ನೇ ಸಲ ತಪ್ಪಿದ್ದು. ಕೇಳಿ ಬೇಕಾದ್ರೆ ಪುರೋಹಿತರನ್ನ."

ಪುರೋಹಿತ ಆತ್ರೇಯನಿಗೆ ಇಪ್ಪತ್ತೆಂಟು ವರ್ಷ. ದರ್ಭೆ ಬಿಡಿಸುತ್ತಿದ್ದ ಅವನ ಬೆರಳಲ್ಲೂ ಮಸಿ ಇತ್ತು. "ಶಾಸ್ತ್ರದಲ್ಲಿ ಓಟಿನ ವಿಷ್ಯ ಇಲ್ಲ ಯಜಮಾನ್ರೇ. ದೇವಸ್ಥಾನ ಕೂಡದು, ಶುಭಕಾರ್ಯ ಕೂಡದು, ಅಷ್ಟೇ. ಓಟು ಹಾಕೋದು ಶುಭಾನೋ ಅಶುಭಾನೋ ನೀವೇ ಹೇಳ್ಬೇಕು."

"ಗೆದ್ದೋರಿಗೆ ಶುಭ," ಎಂದ ಬಾಗಿಲಲ್ಲಿ ನಿಂತಿದ್ದ ಮುತ್ತುರಾಜ್. ಚಕ್ರಿಯ ಗ್ಯಾರೇಜಿನ ಗೆಳೆಯ. "ಐದು ವರ್ಷ ನಮಗೆ ಸೂತಕ."

ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಚಕ್ರಿ ಮಾತ್ರ ನಗಲಿಲ್ಲ. "ಯಾರೂ ವಾದ ಮಾಡ್ಬೇಡಿ. ನಾನು ಹಾಕಲ್ಲ. ಹಾಕಲ್ಲ ಅಂತ ಅವಳಿಗೂ ಹೇಳಿದ್ದೆ."

ಸುಪ್ರಜಾ ಚೀಟಿಯನ್ನು ಮತ್ತೆ ಬ್ಯಾಗಿಗೆ ಹಾಕಿಕೊಂಡು ಹೋದಳು.

*

ಹೇಳಿದ್ದು ನಿಜ. ಪ್ರತಿ ಜನವರಿಯಲ್ಲೂ ರಂಗನಾಯಕಮ್ಮ ಹೆಸರು ಸೇರಿಸುವ ಫಾರಂ ತಂದು ಮಗನ ದೋಸೆ ತಟ್ಟೆಯ ಕೆಳಗೆ ಇಡುತ್ತಿದ್ದರು. ಅವನು ದೋಸೆ ತಿಂದು, ಫಾರಂನಲ್ಲೇ ಕೈ ಒರೆಸಿ ಏಳುತ್ತಿದ್ದ. ಹಾಗೆ ಒಂಬತ್ತು ಫಾರಂ ಎಣ್ಣೆಯಾದವು. ಹತ್ತನೆಯ ಸಲ ಅವರು ತಟ್ಟೆಯನ್ನೇ ಕೊಡಲಿಲ್ಲ.

"ಸಹಿ ಹಾಕು. ಆಮೇಲೆ ದೋಸೆ."

"ಬ್ಲಾಕ್‌ಮೇಲಾ?"

"ಹೂಂ ಕಣೋ."

"ಸಹಿ ಹಾಕ್ತೀನಿ. ಓಟು ಹಾಕಲ್ಲ."

"ಹಾಕ್ಬೇಡ. ಪಟ್ಟೀಲಿ ಬದುಕಿರು, ಸಾಕು. ನಾನು ಸತ್ರೆ ಕೊಳ್ಳಿ ಇಡೋನು ಸತ್ತೋನಾಗಿರಬಾರದು."

"ಕರೆಂಟ್ ಒಲೆ ಅಮ್ಮ ಈಗ. ಕೊಳ್ಳಿ ಇಲ್ಲ, ಬಟನ್ನು."

"ಹಾಗಾದ್ರೆ ಬಟನ್ ಒತ್ತೋದು ಕಲ್ತಿರು," ಎಂದು ಅವರು ದೋಸೆ ಹಾಕಿದರು. ಚಕ್ರಿ ಸಹಿ ಮಾಡಿದ. ಗೆಳೆಯನ ಮದುವೆಯ ಆಲ್ಬಮ್ಮಿನಿಂದ ಅವನ ಫೋಟೋವನ್ನು ಅವರೇ ಕತ್ತರಿಸಿ ಅಂಟಿಸಿದರು. ಗಡ್ಡ, ಕೂದಲು, ಕಪ್ಪು ಕನ್ನಡಕ. "ಕನ್ನಡಕ ಇರೋದು ನಡೆಯಲ್ಲ," ಎಂದು ಆಫೀಸಿನವರು ವಾಪಸು ಕಳಿಸಿದಾಗ, ಅವನು ಮಲಗಿದ್ದಾಗ ಎಬ್ಬಿಸಿ ಇನ್ನೊಂದು ತೆಗೆದರು. ಕಾರ್ಡಿನ ಫೋಟೋದಲ್ಲಿ ಅವನು ಜಗತ್ತನ್ನೇ ಬೈಯುವವನಂತೆ ಕಾಣುತ್ತಿದ್ದ.

*

ರಾಹುಕಾಲ ಕಳೆದು ಹೆಣ ಎತ್ತಿ, ಚಾಮರಾಜಪೇಟೆಯ ಚಿತಾಗಾರಕ್ಕೆ ಬಂದಾಗ ಒಂದೂವರೆ. ಮುಂದೆ ಇನ್ನೂ ಮೂರು ಹೆಣ. ಅಲ್ಲಿನ ಕಟ್ಟೆಯ ಮೇಲೆ ಕೂರಿಸಿ ಕ್ಷೌರಿಕ ಚಕ್ರಿಯ ತಲೆ, ಗಡ್ಡ, ಮೀಸೆ ಎಲ್ಲವನ್ನೂ ತೆಗೆದ. ಮುತ್ತುರಾಜ್ ಒಂದು ಕ್ಷಣ ಅವನನ್ನೇ ದಾಟಿ ಹೋಗಿ, ಮತ್ತೆ ಹಿಂದೆ ಬಂದು, "ಅಯ್ಯೋ, ನೀನಾ ಮಗಾ!" ಎಂದ. ಮಂತ್ರ, ಅಕ್ಕಿಕಾಳು, ಪ್ರದಕ್ಷಿಣೆ. ಕೊನೆಗೆ ಕಬ್ಬಿಣದ ಬಾಗಿಲು ಎದ್ದು ಇಳಿಯಿತು. ಚಕ್ರಿ ಅಳಲಿಲ್ಲ.

ಕಿಟಕಿಯ ಹಿಂದಿನ ಗುಮಾಸ್ತ ಒಂದು ಫಾರಂ ಕೊಟ್ಟ. "ತುಂಬಿಸಿ ಕೊಡಿ ಸಾರ್. ಡೆತ್ ಸರ್ಟಿಫಿಕೇಟು ಇದರ ಮೇಲೇ ಬರೋದು. ತಪ್ಪಾಗಬಾರದು."

"ತಪ್ಪಾದ್ರೆ ಏನಾಗುತ್ತೆ ಅಂತ ನಂಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ," ಎಂದು ಚಕ್ರಿ ಸಿಡುಕಿದ. ಬರಿಮೈಯಲ್ಲಿ, ತುಂಡುಪಂಚೆಯಲ್ಲಿ, ಕಟ್ಟೆಯ ಮೇಲೆ ಬಗ್ಗಿ ಒಂದೊಂದೇ ಅಕ್ಷರ ಬರೆದ. ಬೆವರು ಕಾಗದದ ಮೇಲೆ ಬೀಳದಂತೆ ಆಗಾಗ ಹಣೆ ಒರೆಸಿಕೊಂಡ. ಕೊಟ್ಟ.

ಗುಮಾಸ್ತ ಓದಿದ. ಕನ್ನಡಕ ತೆಗೆದ. ಮತ್ತೆ ಹಾಕಿಕೊಂಡು ಓದಿದ.

"ತೀರಿಕೊಂಡಿರೋದು ಯಾರು ಸಾರ್?"

"ನಮ್ಮ ತಾಯಿ."

"ಇಲ್ಲಿ ಮೃತರ ಹೆಸರು ಚಕ್ರಪಾಣಿ, ವಯಸ್ಸು ಮೂವತ್ತು, ಗಂಡು ಅಂತ ಬರ್ದಿದೀರಲ್ಲ."

ಚಕ್ರಿ ಕಾಗದ ಕಿತ್ತುಕೊಂಡು ನೋಡಿದ. ಅವನದೇ ಕೈಬರಹ. ಗುಂಡುಗುಂಡಾಗಿ, ಒಂದು ಕಾಟೂ ಇಲ್ಲದೆ. ಮುತ್ತುರಾಜ್ ಅವನ ಭುಜದ ಮೇಲಿಂದ ಇಣುಕಿದ.

"ಲೋ ಗುರು, ಮತ್ತೆ ಸತ್ತಿದೀಯ ಕಣೋ!"

ಚಕ್ರಿಯ ಭುಜ ಕುಲುಕತೊಡಗಿತು. ಅಳುತ್ತಾನೆಂದುಕೊಂಡು ದೊಡ್ಡಪ್ಪ ಹತ್ತಿರ ಬಂದರು. ಅವನು ನಗುತ್ತಿದ್ದ. ಕಾಗದ ಹಿಡಿದುಕೊಂಡು, ಕಟ್ಟೆಯ ಮೇಲೆ ಕುಸಿದು, ಬೋಳುತಲೆಯನ್ನು ಮಂಡಿಗೆ ಒತ್ತಿಕೊಂಡು ನಗುತ್ತಿದ್ದ. ಮುತ್ತುರಾಜನೂ ಶುರುಮಾಡಿದ. ಆತ್ರೇಯ ಗೋಡೆಯ ಕಡೆ ತಿರುಗಿಕೊಂಡ. ಗುಮಾಸ್ತ ಕಿಟಕಿಯ ಕೆಳಗೆ ಬಗ್ಗಿದವನು ಮೇಲೇಳಲೇ ಇಲ್ಲ. ಮುಂದಿನ ಹೆಣದವರು ಬೆರಗಾಗಿ ನೋಡಿದರು.

ನಗು ಯಾವಾಗ ಅಳುವಾಯಿತೋ ಗೊತ್ತಾಗಲಿಲ್ಲ. ಮುಖ ಒರೆಸಿಕೊಂಡು ಚಕ್ರಿ ಕೇಳಿದ: "ದೊಡ್ಡಪ್ಪ, ತಾತ ಹೋದಾಗ ಆಸ್ಪತ್ರೇಲಿ ಅಮ್ಮ ಎಷ್ಟು ದಿನ ಇದ್ಲು?"

"ಐದು ದಿನ. ಕಣ್ಣು ಮುಚ್ಚಿರಲಿಲ್ಲ ಅವಳು. ತಾತ ಹೋದ ಮೂರನೇ ದಿನವೇ ಫಾರಂ ಕೊಡಕ್ಕೆ ಹೋದ್ಲು, ಕೊನೇ ತಾರೀಖು ಅಂತ."

ಚಕ್ರಿ ಇನ್ನೊಂದು ಫಾರಂ ಇಸಿದುಕೊಂಡ. ಈ ಸಲ ಬರೆದದ್ದನ್ನು ಗಟ್ಟಿಯಾಗಿ ಓದಿದ. ರಂಗನಾಯಕಿ. ಹೆಣ್ಣು. ಅರವತ್ತಮೂರು. ಗುಮಾಸ್ತನಿಗೆ ಕೊಟ್ಟು, "ಟೈಮೆಷ್ಟು?" ಎಂದ.

"ನಾಲ್ಕೂ ಮುಕ್ಕಾಲು," ಎಂದ ಮುತ್ತುರಾಜ್. ಆಮೇಲೆ ಗೆಳೆಯನ ಮುಖ ನೋಡಿ, ಟೆಂಪೋ ಕಡೆಗೆ ಓಡಿದ.

"ಎಲ್ಲಿಗೆ? ಎಲ್ಲಿಗೆ ಅಂತೀನಿ!" ದೊಡ್ಡಪ್ಪ ಕೂಗಿದರು. ಎಲ್ಲರಿಗೂ ಗೊತ್ತಿತ್ತು. ಅವರಿಗೂ ಗೊತ್ತಿತ್ತು. ಕಬ್ಬಿಣದ ಬಾಗಿಲ ಕಡೆ ಒಮ್ಮೆ ನೋಡಿ, ಉತ್ತರೀಯ ಕೊಡವಿದರು. "ಸ್ನಾನ ಆಗಬೇಕು. ದೀಪ ನೋಡಬೇಕು. ಅದೊಂದು ಆಗದೆ ಎಲ್ಲಿಗಾದ್ರೂ ಹೋದ್ರೆ ನಾನು ಸುಮ್ಮನಿರಲ್ಲ."

*

ವಠಾರಕ್ಕೆ ಬಂದಾಗ ಐದೂಕಾಲು. ಹದಿಮೂರು ಜನ ಗಂಡಸರು, ನಲ್ಲಿಯಲ್ಲಿ ನೀರಿಲ್ಲ. ಟ್ಯಾಂಕರಿನವನು ಬೆಳಿಗ್ಗೆ ತುಂಬಿಸಿದ ಒಂದು ಡ್ರಮ್ಮು ಮಾತ್ರ. ಜಾನಕಮ್ಮ ಸೆರಗು ಸಿಕ್ಕಿಸಿ, ಚೊಂಬು ಹಿಡಿದು ನಿಂತರು.

"ತಲೆಗೆ ಒಂದೇ ಚೊಂಬು! ಮಂತ್ರ ಹೇಳೋರು ಒದ್ದೆ ಆದ್ಮೇಲೆ ಹೇಳ್ಕೊಳ್ಳಿ. ಕರ್ತೃ ಮೊದ್ಲು. ಬಾರೋ!"

"ಜಾನಕಮ್ಮ, ಬೆನ್ನಿಗೆ..."

"ಬೆನ್ನು ನಾಳೆ!"

ಚಕ್ರಿ ದೀಪ ನೋಡಿದ, ಕಾರ್ಡು ಹುಡುಕಿದ. ಅಮ್ಮ ಅದನ್ನು ಬೇಳೆಡಬ್ಬದ ಹಿಂದೆ ಸಿಕ್ಕಿಸಿದ್ದರು. ಹೊರಟಾಗ ಐದೂ ನಲವತ್ತು. ಒದ್ದೆ ಪಂಚೆಯ ಹದಿಮೂರು ಜನ, ಹಿಂದೆ ಜಾನಕಮ್ಮ, ನೀರು ತೊಟ್ಟಿಕ್ಕಿಸುತ್ತಾ ಎರಡು ರಸ್ತೆ ಓಡಿದರು. ಶಾಲೆಯ ಗೇಟಿನಲ್ಲಿ ಪೊಲೀಸಿನವನು ಲಾಠಿ ಅಡ್ಡ ಹಿಡಿದ.

"ಯಾವ ಪಾರ್ಟಿಯೋರ್ರೀ ನೀವು?"

"ಸ್ಮಶಾನದ ಪಾರ್ಟಿ ಸಾರ್," ಎಂದ ಮುತ್ತುರಾಜ್. "ನಮ್ಮಲ್ಲಿ ಒಬ್ಬನೇ ಓಟರು. ಬಿಡಿ."

ಸುಪ್ರಜಾ ಟೇಬಲ್ಲಿನಿಂದ ಎದ್ದು ನಿಂತಳು. ಬ್ಯಾಗಿಗೆ ಕೈ ಹಾಕಿ ಚೀಟಿ ಕೊಟ್ಟು, ಕಣ್ಣು ಬೇರೆ ಕಡೆ ತಿರುಗಿಸಿದಳು.

ಒಳಗೆ, ಕಾರ್ಡು ನೋಡಿದ ಪಾರ್ಟಿ ಏಜೆಂಟನೊಬ್ಬ ಎದ್ದೇಬಿಟ್ಟ. "ಮೇಡಂ, ಅಬ್ಜೆಕ್ಷನ್. ಇದು ಇವನಲ್ಲ. ಫೋಟೋದಲ್ಲಿ ಅಷ್ಟುದ್ದ ಗಡ್ಡ ಇದೆ."

ಅಧ್ಯಕ್ಷಾಧಿಕಾರಿ ಹೆಂಗಸು; ಬೆಳಗಿನಿಂದ ದಣಿದಿದ್ದರು. ಕಾರ್ಡನ್ನೂ ಚಕ್ರಿಯನ್ನೂ ಮತ್ತೆ ಮತ್ತೆ ನೋಡಿದರು. "ಕೂದಲೆಲ್ಲಿ?"

"ಸ್ಮಶಾನದಲ್ಲಿ ಮೇಡಂ."

ಚಕ್ರಿ ಸುತ್ತ ನೋಡಿದ. ಹತ್ತೊಂಬತ್ತರಲ್ಲಿ ನಿಂತಿದ್ದ ಅದೇ ಕೋಣೆ, ಅದೇ ಹಸಿರು ಗೋಡೆ. ಇನ್ನೊಂದು ಮಾತು ಬಂದಿದ್ದರೆ ಟೇಬಲ್ ಉರುಳಿಸಿ ಹೊರಟುಬಿಡುತ್ತಿದ್ದ. ಅಷ್ಟರಲ್ಲಿ ಬಾಗಿಲಿನಿಂದ ಯಾರೋ ಗದರಿದರು.

"ಯಾವನ್ರೀ ಅವನು ಅಬ್ಜೆಕ್ಷನ್ ಅನ್ನೋನು?" ಶ್ರೀನಿವಾಸಯ್ಯ. ಎಪ್ಪತ್ತೆಂಟು ವರ್ಷ, ಒದ್ದೆ ಪಂಚೆ, ಏಜೆಂಟನತ್ತ ಚಾಚಿದ ಬೆರಳು. "ಈ ತಲೆ ನಮ್ಮ ವಂಶದ್ದು ಕಣ್ರೀ. ಎದುರಿಗೆ ನಿಂತು ಕ್ಷೌರ ಮಾಡ್ಸಿದೋನು ನಾನು. ಇವನು ನನ್ನ ತಮ್ಮನ ಮಗ, ಚಕ್ರಪಾಣಿ. ಬದುಕಿದಾನೆ. ಎಲ್ಲಿ ಬೇಕಾದ್ರೂ ಬರ್ದುಕೊಡ್ತೀನಿ, ಬದುಕಿದಾನೆ!"

"ಅವನೇ, ಅವನೇ!" ಜಾನಕಮ್ಮ ಕಿಟಕಿಯಿಂದ ಕೂಗಿದರು. "ಫೋಟೋದಲ್ಲಿರೋ ಹಾಗೆ ಸಿಡುಕು ಮುಖ ಮಾಡೋ, ಗೊತ್ತಾಗುತ್ತೆ!"

ಮಾಡಬೇಕಾಗಿರಲಿಲ್ಲ. ಚಕ್ರಿ ಏಜೆಂಟನನ್ನು ನೋಡುತ್ತಿದ್ದ ರೀತಿಯೇ ಹಾಗಿತ್ತು. ಅಧಿಕಾರಿ ಕಾರ್ಡು ನೋಡಿ, ಮುಖ ನೋಡಿ, ನಕ್ಕುಬಿಟ್ಟರು. "ಸರಿಯಾಗಿದೆ. ಇವರೇ."

ಏಜೆಂಟ್ ಕುಳಿತ. ಗೀಟು ಬಿತ್ತು, ಸಹಿ ಆಯಿತು, ಬೆರಳಿಗೆ ಮಸಿ ಬಿತ್ತು. ಚಕ್ರಿ ರಟ್ಟಿನ ಮರೆಗೆ ಹೋದ.

ಹೊರಗೆ ಎಲ್ಲರೂ ಯಂತ್ರದ ಸದ್ದಿಗೆ ಕಿವಿಗೊಟ್ಟರು. ಒಂದು ನಿಮಿಷವಾಯಿತು. ಎರಡಾಯಿತು. ಗೋಡೆ ಗಡಿಯಾರ ಆರಕ್ಕೆ ಎರಡು ನಿಮಿಷ ತೋರಿಸುತ್ತಿತ್ತು.

"ಏನ್ರೀ, ಗೊತ್ತಾಗ್ತಿಲ್ವಾ?" ಅಧಿಕಾರಿ ಕೇಳಿದರು.

"ಗೊತ್ತಾಗ್ತಿದೆ ಮೇಡಂ. ಹೆಸರು ಓದ್ತಿದೀನಿ. ಹದಿನೇಳಿದಾವೆ."

"ಎಲ್ಲಾನೂ ಓದ್ತೀರಾ?"

"ಹೂಂ ಮೇಡಂ. ಬರೀ ನಂಬರು ನೋಡಿದ್ರೆ ತಪ್ಪಾಗುತ್ತೆ."

ಅಧಿಕಾರಿ ಪೆನ್ನು ಕೆಳಗಿಟ್ಟು ಕಾದರು. ರಟ್ಟಿನ ಮೇಲೆ ಒದ್ದೆಯಾದ ಬೋಳುತಲೆ ಮಾತ್ರ ಕಾಣುತ್ತಿತ್ತು. ಅದು ಒಂದೊಂದೇ ಹೆಸರಿಗೆ ನಿಂತು, ನಿಂತು, ಕೆಳಕ್ಕೆ ಇಳಿಯಿತು. ಕೊನೆಯ ಸಾಲಿಗೆ ಬಂದಾಗ ಪೂರ್ತಿ ಮರೆಯಾಯಿತು. ಆಮೇಲೆ ಮತ್ತೆ ಮೇಲೆ ಬಂದು, ಮೊದಲನೆಯ ಹೆಸರಿನಿಂದ ಶುರುಮಾಡಿತು.